ಎಂಟು ಹಾಕುವ ಗುರುವಾರ

ನನಗೆ ಕರೆಂಟ್ ಕೊಡುವುದು ಮುಗಿದು ಐದು ತಿಂಗಳಾಗಿತ್ತು. ಎಡಗಡೆಯ ಮೊಲೆ ತೆಗೆದು, ಕೀಮೋ ಮುಗಿಸಿ, ಆ ರೇಡಿಯೇಶನ್ ಮೆಷಿನ್ ಕೆಳಗೆ ಇಪ್ಪತ್ತೈದು ದಿನ ಮಲಗಿ ಎದ್ದ ಮೇಲೆ ಉಳಿದದ್ದು ದಿನಕ್ಕೊಂದು ಮಾತ್ರೆ, ಮೂರು ತಿಂಗಳಿಗೊಂದು ಚೆಕಪ್, ಮತ್ತೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಸುಮ್ನೆ ಕೂತ್ಕೊ." ಹನ್ನೊಂದು ವರ್ಷ ಗಾರ್ಮೆಂಟ್ಸಲ್ಲಿ ನಿಂತುಕೊಂಡೇ ಚೆಕಿಂಗ್ ಮಾಡಿದವಳಿಗೆ ಕೂರೋದು ಬರಲ್ಲ. ಲಗ್ಗೆರೆಯ ನಮ್ಮ ಮನೇಲಿ ಅಡುಗೆಮನೆಯಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ. ನಡೆದು ನಡೆದು ಸಾಕಾಗಿ ಒಂದು ದಿನ ಮಗಳು ಕೀರ್ತನಾಳ ಸ್ಕೂಟಿ ಕೀ ಕೈಗೆ ತಗೊಂಡೆ.

"ನಂಗೂ ಹೇಳ್ಕೊಡೇ."

"ಮೊದ್ಲು ಸ್ಟ್ಯಾಂಡ್ ತೆಗಿಯಮ್ಮ, ನೋಡೋಣ."

ತೆಗೆದೆ. ಎಡಗೈಗೆ ಭಾರ ಬೇಡ ಅಂತ ಡಾಕ್ಟರು ಹೇಳಿದ್ದರು. ಗಾಡಿ ಓಡಿಸಬೇಡಿ ಅಂತ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಹಿಂದಿನ ರಸ್ತೆಯ ಖಾಲಿ ಸೈಟು ನಮ್ಮದು. ಎರಡು ಇಟ್ಟಿಗೆ ಇಟ್ಟು ಅದರ ಸುತ್ತ ಎಂಟು ಹಾಕಬೇಕು. ಲೈಸೆನ್ಸ್ ಟೆಸ್ಟಲ್ಲಿ ಕೇಳೋದು ಅದನ್ನೇ: ಕಾಲು ನೆಲಕ್ಕೆ ತಾಕದ ಹಾಗೆ ಎಂಟು. ಬೆರಳುದ್ದ ಬೆಳೆದಿದ್ದ ಕೂದಲೊಳಗೆ ಗಾಳಿ ನುಗ್ಗಿದ ಮೊದಲ ದಿನ ನನಗೇ ಗೊತ್ತಿಲ್ಲದೆ ಜೋರಾಗಿ ನಕ್ಕುಬಿಟ್ಟೆ. "ನಗೋದು ಆಮೇಲೆ, ಬ್ರೇಕ್ ಹಿಡಿ," ಅಂತ ಕೀರ್ತನಾ ಹಿಂದೆ ಓಡಿ ಬಂದಳು.

ಗಂಡ ಜಗನ್ನಾಥ ನೈಟ್ ಶಿಫ್ಟ್ ಮುಗಿಸಿ ಬಂದವರು ಗೇಟಲ್ಲಿ ನಿಂತು ನೋಡಿದರು. "ಈ ವಯಸ್ಸಲ್ಲಿ ಗಾಡಿ ಮೇಲೆ ಯಾರ ಮದ್ವೆಗೆ ಹೋಗ್ಬೇಕಿತ್ತು ಕಲಾವತಿ?" ಅಂದರು. ಎಲ್‌ಎಲ್ಲಿಗೆ, ಅಂದರೆ ಕಲಿಯೋರ ಲೈಸೆನ್ಸಿಗೆ, ಅರ್ಜಿ ಹಾಕಿಕೊಟ್ಟವರೂ ಅವರೇ.

ಯಾಕೆ ಬೇಕು ಅಂತ ನನಗೂ ಗೊತ್ತಿರಲಿಲ್ಲ, ಆ ಸೋಮವಾರದವರೆಗೆ.

ನಮ್ಮ ಮಹಡಿ ಮೇಲಿನ ಒಂಟಿ ರೂಮಲ್ಲಿ ಅಕ್ಕವ್ವ, ಅವಳ ಗಂಡ ದುಂಡಪ್ಪ ಬಾಡಿಗೆಗಿದ್ದಾರೆ. ಕುಷ್ಟಗಿ ಕಡೆಯವರು, ದುಂಡಪ್ಪ ಪೀಣ್ಯದ ಗೋದಾಮಲ್ಲಿ ಲೋಡಿಂಗ್ ಮಾಡ್ತಾನೆ. ಅಕ್ಕವ್ವನಿಗೂ ನನ್ನದೇ ಕಾಯಿಲೆ. ನಾನು ಹೋಗುತ್ತಿದ್ದ ಆಸ್ಪತ್ರೆಯಲ್ಲೇ ಅವಳಿಗೂ ಕರೆಂಟ್ ಕೊಡ್ತಿದ್ದರು. ಸೋಮವಾರ ಹತ್ತು ಗಂಟೆಗೆ ನೋಡಿದರೆ ಆಸ್ಪತ್ರೆಯಲ್ಲಿರಬೇಕಾದವಳು ಗಂಡನ ದೊಗಲೆ ಶರ್ಟ್ ತೊಟ್ಟುಕೊಂಡು ಟೆರೇಸಲ್ಲಿ ಮೆಣಸಿನಕಾಯಿ ಹರಡುತ್ತಿದ್ದಾಳೆ.

"ಇವತ್ತು ಹೋಗಿಲ್ವಾ?"

"ಗುರುವಾರದಿಂದ ಹೋಗಿಲ್ರಿ ಅಕ್ಕಾರ. ಹದಿನಾಕು ಆಗ್ಯಾವು, ಸಾಕು. ಚರ್ಮ ಸುಟ್ಟು ಹಪ್ಪಳ ಆಗೇತಿ. ಬಸ್ನ್ಯಾಗ ಯಾರಾರ ಮೊಣಕೈ ತಾಕಿದ್ರ ಜೀವ ಹೋದಂಗ ಆಗತೈತಿ. ಇವ್ರು ಜೋಡಿ ಬಂದ್ರ ಅವತ್ತಿನ ಪಗಾರ ಇಲ್ಲ."

ಬೇಕಾದದ್ದು ಇಪ್ಪತ್ತೈದು. ಇನ್ನೂ ಹನ್ನೊಂದು ಬಾಕಿ. ಮಧ್ಯ ನಿಲ್ಲಿಸಿದರೆ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಅಂತ ನನ್ನ ಸರದಿಯಲ್ಲಿ ನರ್ಸ್ ಗದರಿದ್ದರು.

"ಗುರುವಾರ ನಂದು ಟೆಸ್ಟ್," ಅಂದೆ. "ಪಾಸಾದ್ರೆ ಶುಕ್ರವಾರದಿಂದ ಹಿಂದೆ ಕೂರಿಸ್ಕೊಂಡು ನಾನೇ ಕರ್ಕೊಂಡ್ ಹೋಗ್ತೀನಿ. ಯಾರೂ ತಾಕಲ್ಲ."

ಅಕ್ಕವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನೀವು ಕೆಡವಿದ್ರ?"

"ಇಬ್ರೂ ಬೀಳೋಣ. ಆಸ್ಪತ್ರೆ ಹೆಂಗಿದ್ರೂ ಹತ್ರಾನೇ ಇರತ್ತೆ."

ನಕ್ಕಳು. ಒಪ್ಪಿದಳು.

ಮೂರು ದಿನ ನನಗೆ ನಿದ್ದೆಯೂ ಇಲ್ಲ, ಊಟವೂ ರುಚಿಸಲಿಲ್ಲ. ಸಾರು ಕುದಿಯುವಾಗಲೂ ಸೌಟು ಎಂಟೇ ಹಾಕುತ್ತಿತ್ತು. ಗುರುವಾರ ಆರ್‌ಟಿಒ ಟ್ರ್ಯಾಕಲ್ಲಿ ನನ್ನ ಮುಂದಿದ್ದ ಹುಡುಗರೆಲ್ಲ ನೀರು ಕುಡಿದಷ್ಟು ಸಲೀಸಾಗಿ ಹಾಕಿಬಂದರು. ನಾನು ಮೊದಲ ಸುತ್ತು ಸರಿಯಾಗಿಯೇ ಹೋದೆ. ಎರಡನೇ ತಿರುವಲ್ಲಿ ಎಡಗಂಕುಳು ಬಿಗಿದುಕೊಂಡಿತು, ಹ್ಯಾಂಡಲ್ ಅಲ್ಲಾಡಿತು, ಕಾಲು ತಾನಾಗೇ ನೆಲಕ್ಕೆ ಹೋಯಿತು.

"ಮುಂದಿನ ವಾರ ಬನ್ನಿ ಅಮ್ಮ," ಅಂದರು ಇನ್ಸ್‌ಪೆಕ್ಟರು.

ಮನೆಗೆ ಬಂದಾಗ ಅಕ್ಕವ್ವ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಪಕ್ಕದಲ್ಲಿ ಎಲ್ಲಿಂದಲೋ ಕೇಳಿ ತಂದ ಹೆಲ್ಮೆಟ್ಟು.

"ಆಗ್ಲಿಲ್ಲ ಅಕ್ಕವ್ವ. ಇನ್ನೊಂದು ವಾರ."

"ಬಿಡ್ರಿ. ಏನವಸರ," ಅಂದಳು. ಅವಳ ಮುಖ ಹಗುರಾಯಿತು. ನಾನದನ್ನು ನೋಡಿದೆ. ಬೇಸರದ ಗುರುತೇ ಇಲ್ಲ. ಶಾಲೆಗೆ ರಜೆ ಸಿಕ್ಕ ಮಗುವಿನ ಮುಖ. ಹೆಲ್ಮೆಟ್ ಎತ್ತಿಕೊಂಡು ಮೇಲೆ ಹೊರಟೇಬಿಟ್ಟಳು.

ನಾನು ಅಲ್ಲೇ ನಿಂತೆ. ಕರೆಂಟ್ ಕೊಡದ ಶನಿವಾರ, ಭಾನುವಾರ ಬಿಟ್ಟರೆ ಅವಳು ತಾನಾಗಿ ತಪ್ಪಿಸಿದ್ದು ಮೂರು ದಿನ. ಮಂಗಳವಾರ, ಬುಧವಾರ, ಗುರುವಾರ ಈ ಮೂರು ನಾನು ಕೊಟ್ಟದ್ದು. ಸೋಮವಾರವೇ ಜೊತೆಗೆ ಬಸ್ ಹತ್ತಬಹುದಿತ್ತಲ್ಲ? ಹೊಳೆಯಲಿಲ್ಲ ಅಂದರೆ ಸುಳ್ಳಾಗುತ್ತೆ. ಗಾಡಿಯಾದರೆ ಗೇಟಲ್ಲೇ ಇಳಿಸಿ, ಹೊರಗೆಲ್ಲೋ ಒಂದು ಸುತ್ತು ಹೊಡೆದು ಬರಬಹುದಿತ್ತು. ಬಸ್ಸಲ್ಲಿ ಹೋದರೆ ಒಳಗೂ ಹೋಗಬೇಕು. ಆ ಕಾರಿಡಾರು, ಆ ಫಿನೈಲ್ ವಾಸನೆ, ಮೆಷಿನ್ ರೂಮಿನ ಆ ದಪ್ಪ ಬಾಗಿಲು. ಚೆಕಪ್ಪಿಗೆ ಹೋದಾಗಲೂ ಆ ಕಡೆ ತಲೆ ಹಾಕದೆ ಬರುತ್ತಿದ್ದವಳು ನಾನು.

"ಅಕ್ಕವ್ವ," ಅಂತ ಕೂಗಿದೆ. "ನಾಳೆ ಏಳೂವರೆ ಬಸ್ಸು. ನಾನೂ ಬರ್ತೀನಿ."

"ಅಯ್ಯ, ನಿಮಗ್ಯಾಕ್ರಿ ತ್ರಾಸು?"

"ತ್ರಾಸು ಅಂತ ಗೊತ್ತು. ರೆಡಿಯಾಗಿರು."

ಬಸ್ಸಲ್ಲಿ ಸೀಟಿರಲಿಲ್ಲ. ಅಕ್ಕವ್ವನನ್ನು ಡ್ರೈವರ್ ಹಿಂದಿನ ಮೂಲೆಗೆ ನಿಲ್ಲಿಸಿ, ಎರಡೂ ಕೈ ಮೇಲೆತ್ತಿ ಕಂಬಿ ಹಿಡಿದು ಅವಳಿಗೆ ಅಡ್ಡ ನಿಂತೆ. ಆಪರೇಶನ್ ಆದ ಹೊಸದರಲ್ಲಿ ಭುಜದಿಂದ ಮೇಲೇಳದಿದ್ದ ಎಡಗೈ, ಗೋಡೆ ಮೇಲೆ ಬೆರಳು ಹತ್ತಿಸಿ ಹತ್ತಿಸಿ ಎತ್ತಿದ ಕೈ. ಸೆಳೆಯುತ್ತಿತ್ತು. ಬಿಡಲಿಲ್ಲ.

"ಸ್ವಲ್ಪ ಜರುಗಿ ಆಂಟಿ, ಅಲ್ಲೇ ಮನೆ ಕಟ್ಕೊಂಡ್ರಾ?" ಹಿಂದಿನಿಂದ ಒಬ್ಬಳು ತಳ್ಳಿದಳು.

"ಹೂಂ ಕಣಮ್ಮ, ಕಟ್ಕೊಂಡಿದೀನಿ. ಒಳಗೆ ಬಾಡಿಗೆಯವ್ರಿದಾರೆ," ಅಂದೆ.

ಅಕ್ಕವ್ವ ನಗಲು ಹೋಗಿ ನೋವಿಗೆ ತುಟಿ ಕಚ್ಚಿದಳು. ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದೆವು. ಅದರಲ್ಲೂ ಅದೇ ಅಡ್ಡಗೋಡೆ.

ಆಸ್ಪತ್ರೆಯಲ್ಲಿ, ಕರೆಂಟ್ ಎಲ್ಲಿ ಬೀಳಬೇಕು ಅಂತ ಎದೆ ಮೇಲೆ ಬರೆದಿದ್ದ ಗುರುತು ಅರ್ಧ ಅಳಿಸಿಹೋಗಿದೆ ಅಂತ ಒಳಗಿನವರು ಅವಳನ್ನು ಬೈದರು. ಡಾಕ್ಟರು ಬಂದು ನೋಡಿ, "ಇನ್ನೊಂದು ದಿನವೂ ತಪ್ಪಿಸೋ ಹಾಗಿಲ್ಲ," ಅಂದು ಮುಂದುವರಿಸಿ ಅಂತ ಬರೆದುಕೊಟ್ಟರು. ದಪ್ಪ ಬಾಗಿಲು ಮುಚ್ಚಿತು. ಮೇಲೆ ಕೆಂಪು ದೀಪ ಹತ್ತಿತು.

ಹೊರಗೆ ಓಡಬೇಕು ಅನ್ನಿಸಿತು. ಕೂರಲು ಬೆಂಚಿತ್ತು, ಆಗಲಿಲ್ಲ. ಕಾರಿಡಾರಲ್ಲಿ ಎರಡು ಕಂಬ ಇದ್ದವು. ಒಂದರ ಬಲಕ್ಕೆ ಹೋಗಿ, ನಡುವೆ ದಾಟಿ, ಇನ್ನೊಂದರ ಎಡಕ್ಕೆ ತಿರುಗಿದೆ. ಎಡ ತಿರುವಲ್ಲಿ ಭುಜ ಬಿಗಿಯಾಗುತ್ತದಲ್ಲ, ಅಲ್ಲಿ ಉಸಿರು ಬಿಟ್ಟೆ. ಮತ್ತೆ ಒಂದು ಸುತ್ತು.

"ಏನಾದ್ರೂ ಬೀಳಿಸ್ಕೊಂಡ್ರಾ ಅಮ್ಮ?" ತಲೆಗೆ ಸ್ಕಾರ್ಫ್ ಕಟ್ಟಿ ಬೆಂಚಲ್ಲಿ ಕೂತಿದ್ದವರು ಕೇಳಿದರು.

"ಇಲ್ಲ. ಎಂಟು ಹಾಕ್ತಾ ಇದೀನಿ. ಗುರುವಾರ ಟೆಸ್ಟಿದೆ."

ಅವರು ನನ್ನ ಕಾಲನ್ನೇ ನೋಡಿದರು. "ಇಲ್ಲಿಗೆ ಗಾಡೀಲಿ ಬರ್ತೀರಾ? ನಾನು ಸುಂಕದಕಟ್ಟೆಯಿಂದ ಬಸ್ಸಲ್ಲಿ ಒಬ್ಳೇ ಬರ್ತೀನಿ," ಅಂದರು.

ಉತ್ತರ ಕೊಡುವ ಮೊದಲೇ ಕೆಂಪು ದೀಪ ಆರಿತು. ಅಕ್ಕವ್ವ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಬಂದಳು.

"ಎಷ್ಟಾದ್ವು?" ಅಂದೆ.

"ಹದಿನೈದ್ರಿ."

ಸುಂಕದಕಟ್ಟೆಯವರ ಫೋನ್ ನಂಬರ್ ಬರೆಸಿಕೊಂಡೆ. ಗುರುವಾರಕ್ಕೆ ಇನ್ನೂ ಆರು ದಿನ. ಸೋಮವಾರ, ಮಂಗಳವಾರ, ಬುಧವಾರ, ಟೆಸ್ಟಿನ ದಿನವೂ ಹೇಗೂ ಬಸ್ಸೇ.