ಅತ್ತೆಗೆ ಕಾದಿಟ್ಟ ಕುರ್ಚಿ

ನಮ್ಮ ಕಲಾಭವನದಲ್ಲಿ ಮೂರು ಸಭಾಂಗಣಗಳಿವೆ. ಮೇಲಿನ ದೊಡ್ಡದಕ್ಕೆ ಮೆತ್ತನೆಯ ಕೆಂಪು ಸೀಟು, ನಡುವಿನದಕ್ಕೆ ಮರದ ಸೀಟು, ನೆಲಮಾಳಿಗೆಯ ನಮ್ಮದಕ್ಕೆ ಮಡಚುವ ಕಬ್ಬಿಣದ ಕುರ್ಚಿ. ಕಲೆಯಲ್ಲಿ ಮೇಲು ಕೀಳಿಲ್ಲ ಎಂದು ಉದ್ಘಾಟನೆಯ ದಿನ ಭಾಷಣ ಬಿಗಿದವರು ಲಿಫ್ಟನ್ನು ನೆಲಮಾಳಿಗೆಯವರೆಗೆ ಇಳಿಸುವುದನ್ನು ಮಾತ್ರ ಮರೆತರು. ಅಲ್ಲಿ ನಾನು ಲೈಟು ನೋಡಿಕೊಳ್ಳುವವಳು, ನನ್ನ ಗಂಡ ನಟ. ಅವರ ತಮ್ಮ ಇಡೀ ಭವನದಲ್ಲಿ ಜನರನ್ನು ಸೀಟಿಗೆ ಕೂರಿಸುವವರ ಮೇಸ್ತ್ರಿ. ಸದಾ ಕೋಟು ಹಾಕಿಕೊಂಡು ಓಡಾಡುವ ಅವನಿಗೆ ನಾವಿಟ್ಟ ಹೆಸರು ಸೀಟು ಸಾಹೇಬ.

ನನ್ನ ಅತ್ತೆ ಮಗನ ನಾಟಕವನ್ನು ಒಮ್ಮೆಯೂ ನೋಡಿದವರಲ್ಲ. "ಮುಖಕ್ಕೆ ಬಣ್ಣ ಬಳ್ಕೊಂಡು ಕುಣಿಯೋದನ್ನ ನಾನೇನು ನೋಡ್ಲಿ" ಎಂದು ಮೂತಿ ತಿರುವುತ್ತಿದ್ದರು. ನನ್ನವರಿಗೆ ಅದು ಒಳಗೊಳಗೇ ಕೊರೆಯುತ್ತಿತ್ತು. ಕೊನೆಗೆ ಅಮ್ಮನ ಬದುಕನ್ನೇ ನಾಟಕ ಮಾಡಿದರು. ಒಬ್ಬನೇ ನಟ, ಒಂದು ಹೊಲಿಗೆ ಯಂತ್ರ, ಅಮ್ಮನ ಪೆಟ್ಟಿಗೆಯಿಂದ ಕದ್ದು ತಂದ ಬೂದು ಶಾಲು. ಗಂಡ ಸತ್ತ ಮೇಲೆ ಕಂಡವರ ಬಟ್ಟೆ ಹೊಲಿದು ಇಬ್ಬರು ಗಂಡುಮಕ್ಕಳನ್ನು ಸಾಕಿದ ಹೆಂಗಸು, ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದೆ ಮೊದಲ ಸಲ ಅಳುತ್ತಾಳೆ. ಅದೇ ಕೊನೆಯ ದೃಶ್ಯ.

ಆ ಸಂಜೆ ಆ ನಾಟಕದ ಕೊನೆಯ ಪ್ರದರ್ಶನ. ಅದಾದ ಮೇಲೆ ನೆಲಮಾಳಿಗೆಯನ್ನು ಕಾರು ನಿಲ್ಲಿಸಲು ಕೊಡುವುದೆಂದು ತೀರ್ಮಾನವಾಗಿತ್ತು. ಹೇಗೋ ಅತ್ತೆ ಬರುತ್ತೇನೆಂದು ಒಪ್ಪಿದರು. ನಾಟಕ ಯಾರ ಕಥೆಯೆಂದು ನನ್ನವರು ಬಾಯಿ ಬಿಡಲಿಲ್ಲ, ಬಂದೇ ನೋಡಲಿ ಎಂಬ ಆಸೆ. ಮೊದಲ ಸಾಲಿನ ನಡುವಿನ ಕುರ್ಚಿಗೆ ಮನೆಯಿಂದ ದಿಂಬು ತಂದಿಟ್ಟರು.

"ಅಮ್ಮ ಇಲ್ಲೇ ಕೂತ್ಕೋತಾಳೆ. ಸೂಜಿ ದೃಶ್ಯ ಅವಳ ಕಡೆ ನೋಡ್ಕೊಂಡೇ ಮಾಡ್ತೀನಿ" ಎಂದರು. ಪರೀಕ್ಷೆಗೆ ಹೊರಟ ಹುಡುಗನ ಹಾಗೆ ದಿಂಬನ್ನು ಮತ್ತೆ ಮತ್ತೆ ಸರಿಪಡಿಸಿದರು.

ಎರಡನೇ ಗಂಟೆ ಹೊಡೆದರೂ ದಿಂಬಿನ ಮೇಲೆ ಯಾರೂ ಇಲ್ಲ. ಸುತ್ತಲಿನ ಕುರ್ಚಿಗಳೂ ಬೋಳು. ಲೈಟಿನ ಗೂಡಿನಿಂದಲೇ ಮೈದುನನಿಗೆ ಫೋನು ಮಾಡಿದೆ.

"ಅಮ್ಮನ್ನ ದೊಡ್ಡ ಹಾಲ್‌ನಲ್ಲಿ ಕೂರಿಸಿದ್ದೀನಿ ಅತ್ತಿಗೆ" ಎಂದ, ಬಹುಮಾನ ಗೆದ್ದವನ ದನಿಯಲ್ಲಿ.

ನನಗೆ ಅರ್ಥವಾಯಿತು. ಮೇಲೆ ಆ ದಿನ ರಾಜ ಮಹಾರಾಜರ ಭಾರೀ ನೃತ್ಯನಾಟಕ. ಟಿವಿಯವರು ಬಂದಿದ್ದರು, ಜನ ಬಂದಿರಲಿಲ್ಲ. ಇಂಥ ದಿನ ನಮ್ಮಲ್ಲೊಂದು ಪದ್ಧತಿಯಿದೆ. ಕ್ಯಾಮೆರಾಕ್ಕೆ ಖಾಲಿ ಸೀಟು ಕಾಣಬಾರದೆಂದು ಕೆಳಗಿನ ಸಭಾಂಗಣಗಳಿಗೆ ಬಂದವರನ್ನು ಪುಸಲಾಯಿಸಿ, ಪುಕ್ಕಟೆಯಾಗಿ ಮೇಲೆ ಸಾಗಿಸಿ, ಮುಂದಿನ ಸಾಲು ತುಂಬಿಸುವುದು. ಸೀಟು ಸಾಹೇಬ ಅದರಲ್ಲಿ ಎತ್ತಿದ ಕೈ.

"ನಿನಗೆ ತಲೆ ಕೆಟ್ಟಿದೆಯೇನೋ? ಕರ್ಕೊಂಡು ಬಾ ಕೆಳಗೆ!"

"ಬಾಗಿಲು ಹಾಕಿಬಿಟ್ರು ಅತ್ತಿಗೆ. ಈಗ ಎಬ್ಬಿಸಿದ್ರೆ ನನ್ನ ಕೆಲಸಕ್ಕೇ ಸಂಚಕಾರ. ಅಮ್ಮನ ಮೊಣಕಾಲಿಗೆ ಆ ಮೆಟ್ಟಿಲು ಬೇರೆ ಕೇಡು. ಅಣ್ಣನ ನಾಟಕ ಇನ್ನೊಂದ್ಸಲ ನೋಡಿದ್ರಾಯ್ತು ಬಿಡಿ."

ಇನ್ನೊಂದು ಸಲ ಎಲ್ಲಿಂದ ಬರಬೇಕು! ಬೈಯುವಷ್ಟರಲ್ಲಿ ನಾಟಕ ಶುರುವಾಗುವ ಮೂರನೇ ಗಂಟೆ ಹೊಡೆಯಿತು. ನನ್ನವರು ಕತ್ತಲಲ್ಲಿ ಬಂದು ಯಂತ್ರದ ಮುಂದೆ ಕುಳಿತಾಗಿತ್ತು.

ಎದುರಿನ ದೀಪ ಕಣ್ಣಿಗೆ ಹೊಡೆದರೆ ನಟನಿಗೆ ಮೊದಲ ಸಾಲೂ ಕಾಣುವುದಿಲ್ಲ. ಆ ದೀಪವನ್ನು ನಾನು ಇಳಿಸಲೇ ಇಲ್ಲ. ಅವರು ಹಿಂದೆಂದೂ ಹಾಗೆ ಅಭಿನಯಿಸಿರಲಿಲ್ಲ. ಸೂಜಿ ಹಿಡಿದು ವೇದಿಕೆಯ ಅಂಚಿಗೆ ಬಂದು, ಆ ಕುರ್ಚಿಯ ಎದುರಿಗೇ ಮಂಡಿಯೂರಿ, ದಿಂಬಿಗೆ ತಮ್ಮ ಅಳುವನ್ನೆಲ್ಲ ಒಪ್ಪಿಸಿದರು. ಹಿಂದಿನ ಸಾಲಿನಲ್ಲಿ ಉಳಿದವರು ಕಣ್ಣೊರೆಸಿಕೊಂಡರು.

ನಾಟಕ ಮುಗಿದ ಕೂಡಲೇ ಸಭಾಂಗಣದ ದೀಪ ಹಾಕಬೇಕು. ಬೆರಳು ಏಳಲಿಲ್ಲ. ಚಪ್ಪಾಳೆ ನಿಂತಿತು, ಯಾರೋ ಕೆಮ್ಮಿದರು. ಇನ್ನು ದಾರಿಯಿಲ್ಲದೆ ಒತ್ತಿದೆ. ಬಾಗಿದ್ದ ನನ್ನವರು ತಲೆಯೆತ್ತಿ ದಿಂಬನ್ನು ನೋಡಿದರು.

ನಾನು ಓಡಿಹೋಗಿ ವಿಷಯ ಹೇಳಿದೆ. ಬಣ್ಣವನ್ನೂ ಒರೆಸದೆ, ಹೆಗಲ ಶಾಲಿನೊಡನೆಯೇ ಮೆಟ್ಟಿಲು ಹತ್ತಿದರು. ಮೇಲಿನ ಪಡಸಾಲೆಯಲ್ಲಿ ಅತ್ತೆ ಸೀಟು ಸಾಹೇಬನ ತೋಳು ಹಿಡಿದು ನಿಂತಿದ್ದರು. ಮಗನನ್ನು ಕಂಡದ್ದೇ ಎರಡೂ ಕೈ ಚಾಚಿದರು.

"ಏನು ಗತ್ತೋ ನಿಂದು! ಮುಖವಾಡ ಹಾಕಿದ್ರೂ ನಡಿಗೆಲೇ ಗುರುತು ಹಿಡಿದೆ. ಹೆತ್ತವಳಿಗೆ ಗೊತ್ತಾಗಲ್ವಾ? ಪಕ್ಕದವರಿಗೆಲ್ಲ ಹೇಳಿದೆ, ಆ ರಾಜ ನನ್ನ ಮಗ ಅಂತ."

ಅವರ ಪಾಲಿಗೆ ಇಡೀ ಕಟ್ಟಡ ಒಂದೇ, ನಾಟಕವೂ ಒಂದೇ. ನಾನು ಬಾಯಿ ತೆರೆದೆ. ನನ್ನವರು ನನ್ನ ಮಣಿಕಟ್ಟನ್ನು ನೋಯುವಂತೆ ಹಿಡಿದರು.

"ಚೆನ್ನಾಗಿತ್ತಾ ಅಮ್ಮ?"

"ಇಷ್ಟು ವರ್ಷ ಸುಮ್ಮಸುಮ್ಮನೆ ನಿನ್ನ ಬೈಕೊಂಡೆ ಕಣೋ." ಅತ್ತೆ ಮಗನ ಕೆನ್ನೆ ಸವರಿದರು. ಆಮೇಲೆ ಕೈಗೆ ಶಾಲು ತಾಕಿತು. "ಇದು ನನ್ನ ಹಳೇ ಶಾಲಲ್ವೇನೋ? ರಾಜನ ವೇಷ ಹಾಕಿದೋರು ಈ ದರಿದ್ರಾನ ಹೊದ್ಕೊಂಡು ಓಡಾಡ್ತಾರಾ? ಯಾರಾದ್ರೂ ನೋಡಿದ್ರೆ ಮಾನ ಹೋಗುತ್ತೆ. ಬಿಸಾಕು ಅದನ್ನ."

"ಸರಿ ಅಮ್ಮ" ಎಂದರು ನನ್ನವರು. ಶಾಲನ್ನು ತೆಗೆದು, ಅಂಚಿಗೆ ಅಂಚು ಸೇರಿಸಿ ಮಡಚಿ, ತಮ್ಮನ ಕೈಗಿಟ್ಟರು. "ಕಸಕ್ಕೆ ಹಾಕ್ಬಿಡಪ್ಪ."

ಸೀಟು ಸಾಹೇಬ ಅದನ್ನು ಕೋಟಿಗೆ ಒತ್ತಿ ಹಿಡಿದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ ಅಲ್ಲೇ ನಿಂತಿದ್ದ.