ಡೆರಿಕ್‌ನ ಅಳತೆಗೆ ಕೊರೆದ ಗಿಟಾರು

ನನ್ನ ಆರೂ ತಂತಿಗಳ ಮೇಲೆ ಆಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸುಳ್ಳಾಗಿದ್ದರೆ ಆರೂ ಈಗಲೇ ಒಟ್ಟಿಗೆ ಹರಿದುಹೋಗಲಿ. ನೋಡಿದಿರಾ? ಐದು ಗಟ್ಟಿಯಾಗಿವೆ. ಇನ್ನೊಂದು ಮೊದಲಿಂದಲೂ ಸಡಿಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಾನು ಒಂದು ಗಿಟಾರು. ಹುಟ್ಟಿದ್ದು ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ, ಬಡಿಗೇರ ಮೌನೇಶಪ್ಪನ ಅಂಗಳದಲ್ಲಿ. ಅದಕ್ಕೂ ಮೊದಲು ನಾನು ರೈಲಿನ ಕಿಟಕಿಯ ಚೌಕಟ್ಟಾಗಿದ್ದೆ. ಮೂವತ್ತು ವರ್ಷ ಗೋವೆಗೆ ಹೋಗಿ ಬಂದು ಮಾಡಿದ್ದೇನೆ. ದೂಧಸಾಗರದ ಹತ್ತಿರ ರೈಲು ನಿಧಾನವಾದಾಗ ಜಲಪಾತದ ತುಂತುರು ಬಂದು ನನ್ನ ಮೈಗೆ ಹತ್ತುತ್ತಿತ್ತು. ಆ ನೀರು ಇನ್ನೂ ನನ್ನೊಳಗಿದೆ. ದಪ್ಪ ತಂತಿಯನ್ನು ಜೋರಾಗಿ ಮೀಟಿದರೆ ನೆಲಕ್ಕೆ ಎರಡು ಹನಿ ಬೀಳುತ್ತವೆ. ಬೇಕಾದರೆ ನೆಲ ಒರೆಸುವವರನ್ನು ಕೇಳಿ.

ಬೋಗಿಗೆ ವಯಸ್ಸಾಗಿ ಅದು ಗುಜರಿಗೆ ಹೋಯಿತು. ನಾಲ್ಕು ತುಂಡು ತೇಗ ಮೌನೇಶಪ್ಪನ ಮನೆಗೆ ಬಂತು. ಅದೇ ಹೊತ್ತಿಗೆ ರೈಲ್ವೆ ಗಾರ್ಡರ ಮಗ ಡೆರಿಕ್ ಬಂದು, ನನಗೊಂದು ಗಿಟಾರು ಬೇಕು ಎಂದ. ಮೌನೇಶಪ್ಪ ಜನ್ಮದಲ್ಲಿ ಗಿಟಾರು ಕಂಡವನಲ್ಲ. ಡೆರಿಕ್ ಗಿಟಾರು ಹಿಡಿದು ನಿಂತ ಹಾಡುಗಾರನೊಬ್ಬನ ಚಿತ್ರ ತೋರಿಸಿದ. ಚಿತ್ರ ಬೆಂಕಿಪೊಟ್ಟಣದಷ್ಟಿತ್ತು.

"ಇದರ ಉದ್ದ ಎಷ್ಟ ಐತಿ ತಮ್ಮಾ?"

"ಗೊತ್ತಿಲ್ಲ ಕಾಕಾ. ಹಿಡಕೊಂಡ ನಿಂತಾನಲ್ಲ, ಅವನ ಕೈ ನೋಡಿ ಮಾಡ್ರಿ."

"ಅಂವ ಕುಳ್ಳ ಅದಾನೋ ಎತ್ತರ ಅದಾನೋ ನನಗೇನ ಗೊತ್ತ? ನಿನ್ನ ಅಳತಿಗೇ ಮಾಡತೇನಿ. ನಿಂದರಿಲ್ಲೆ, ಕೈ ಚಾಚು."

ದರ್ಜಿಯಂತೆ ಅವನ ಎದೆ, ತೋಳು, ಬೆರಳು ಎಲ್ಲ ಅಳೆದ. ಹೀಗಾಗಿ ನಾನು ಅಂಗಡಿಯ ಗಿಟಾರುಗಳ ಹಾಗಿಲ್ಲ. ನನ್ನ ಕತ್ತು ಡೆರಿಕ್‌ನ ಎಡಗೈಯಷ್ಟೇ ಉದ್ದ. ಹದಿನೇಳು ವರ್ಷದ ಕೈ ಅದು.

ಡೆರಿಕ್‌ಗೆ ಒಬ್ಬ ಗೆಳೆಯನಿದ್ದ, ಪ್ರಹ್ಲಾದ ಮುಧೋಳ. ಸಂಸ್ಕೃತ ಮಾಸ್ತರರ ಮಗ. ಎಲ್ಲರಿಗೂ ಪಲ್ಲ್ಯಾ. ಇಬ್ಬರಿಗೂ ರಾಕ್ ಸಂಗೀತದ ಹುಚ್ಚು. ಸಂಜೆ ಡೆರಿಕ್‌ನ ಮನೆಯ ಹಿಂದಿನ ಪಡಸಾಲೆಯಲ್ಲಿ ರೆಕಾರ್ಡು ಹಾಕುತ್ತಿದ್ದರು. ಗಿಟಾರಿನ ಬೆರಳು ವೇಗವಾಗಿ ಓಡುವ ಜಾಗ ಬಂದರೆ ಪಲ್ಲ್ಯಾ ರೆಕಾರ್ಡಿನ ಅಂಚಿಗೆ ಬೆರಳು ಒತ್ತಿ ಅದನ್ನು ನಿಧಾನ ಮಾಡುತ್ತಿದ್ದ. ಹಾಡುಗಾರ ಹೊಟ್ಟೆನೋವಿನ ಎಮ್ಮೆಯಂತೆ ಒರಲುತ್ತಿದ್ದ. ಡೆರಿಕ್ ಕಿವಿಗೊಟ್ಟು ಕೇಳಿ, ಒಂದೊಂದೇ ಸ್ವರವನ್ನು ನನ್ನ ಮೇಲೆ ಹುಡುಕಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ.

ಆ ಬರವಣಿಗೆಗೆ ಟ್ಯಾಬ್ ಎನ್ನುತ್ತಾರೆ. ಬಹಳ ಸುಲಭ. ನನಗೆ ಆರು ತಂತಿ, ಹಾಳೆಯ ಮೇಲೆ ಆರು ಗೆರೆ. ಗೆರೆಯ ಮೇಲೆ ಮೂರು ಎಂದಿದ್ದರೆ ಆ ತಂತಿಯನ್ನು ಕತ್ತಿನ ಮೇಲಿನ ಮೂರನೆಯ ಪಟ್ಟಿಯ ಹತ್ತಿರ ಒತ್ತಬೇಕು. ಸೊನ್ನೆ ಇದ್ದರೆ ಒತ್ತದೆ ಮೀಟಬೇಕು. ಎಷ್ಟು ಹೊತ್ತು ಎನ್ನುವುದನ್ನು ಮಾತ್ರ ಟ್ಯಾಬ್ ಹೇಳುವುದಿಲ್ಲ. ಅದಕ್ಕೆ ಡೆರಿಕ್ ತನ್ನದೇ ಉಪಾಯ ಮಾಡಿದ್ದ. ಸ್ವರ ಎಳೆಯುವಲ್ಲಿ ಅಂಕಿಗಳನ್ನು ದೂರ ದೂರ ಬರೆಯುತ್ತಿದ್ದ, ಓಡುವಲ್ಲಿ ಹತ್ತಿರ ಹತ್ತಿರ.

ಒಂದು ಸಂಜೆ ಗೂಡ್ಸ್ ಗಾಡಿ ಹೋಗುತ್ತಿತ್ತು. ಅದರ ಸದ್ದಿಗೆ ನನ್ನೊಳಗಿನ ಹಳೆಯ ಕಿಟಕಿ ಎಚ್ಚರಾಯಿತು. ಡೆರಿಕ್‌ನ ಬೆರಳು ತಾನಾಗಿ ಹರಿಯಿತು, ಪಲ್ಲ್ಯಾ ಮೇಜು ಬಡಿದ. ಗಾಡಿಯ ಕೊನೆಯ ಡಬ್ಬಿ ದಾಟುವಷ್ಟರಲ್ಲಿ ಎರಡು ನಿಮಿಷದ ಒಂದು ರಾಗ ಹುಟ್ಟಿತ್ತು. ಯಾವ ರೆಕಾರ್ಡಿನದೂ ಅಲ್ಲ, ಇಬ್ಬರದೇ. ಡೆರಿಕ್ ಅದನ್ನು ನೋಟ್‌ಬುಕ್ಕಿನ ಕೊನೆಗೆ ಬರೆದಿಟ್ಟ. ಆಗ ಸುರಂಗ ದಾಟಿ ಬೆಳಕಿಗೆ ಬಂದ ಹಾಗಾಯಿತು ನನಗೆ. ಪಡಸಾಲೆಯಲ್ಲಿ ಜಲಪಾತದ ವಾಸನೆ ಬಂತು. ಪಕ್ಕದ ಮನೆಯವರು ಮಳೆ ಬಂತೆಂದು ಒಣಹಾಕಿದ ಬಟ್ಟೆ ಒಳಗೆ ತಂದರು.

ಮರುವರ್ಷ ಡೆರಿಕ್‌ನ ತಂದೆಗೆ ಖರಗಪುರಕ್ಕೆ ವರ್ಗವಾಯಿತು. ಪ್ಲಾಟ್‌ಫಾರ್ಮಿನಲ್ಲಿ ಡೆರಿಕ್ ನನ್ನನ್ನೂ ನೋಟ್‌ಬುಕ್ಕನ್ನೂ ಗೆಳೆಯನ ಕೈಗಿಟ್ಟ.

"ಲೇ ಪಲ್ಲ್ಯಾ, ನಮ್ಮ ರಾಗ ಈ ಬುಕ್ಕಿನ್ಯಾಗ ಬಿಟ್ರ ಮತ್ತೆಲ್ಲೂ ಇಲ್ಲ. ಜ್ವಾಕಿ."

"ಜೀವದ್ಹಂಗ ಇಟ್ಕೋತೀನಿ, ಹೋಗೋ," ಎಂದ ಪಲ್ಲ್ಯಾ.

ಆದರೆ ಪಲ್ಲ್ಯಾನ ತಂದೆ ಮಾಸ್ತರರು ನನ್ನನ್ನು ಹೊಸ್ತಿಲು ದಾಟಿಸಲಿಲ್ಲ. ಹಾಗಾಗಿ ಪಲ್ಲ್ಯಾ ನನ್ನನ್ನು ಧಾರವಾಡದಲ್ಲಿದ್ದ ಅಕ್ಕನ ಮನೆಗೆ ಸಾಗಿಸಿದ. ಅಕ್ಕನ ಹೆಸರು ಗೋದಾವರಿ, ಎಲ್ಲರ ಬಾಯಲ್ಲಿ ಗೋದಕ್ಕ. ಬಟ್ಟೆಯ ಎಳೆ ಎಣಿಸಿ ಹಾಕುವ ಕಸೂತಿಯಲ್ಲಿ ಆಕೆಯ ಕೈ ಬಲು ಚುರುಕು. ನನ್ನ ಹೊಟ್ಟೆಯೊಳಗೆ ದಾರದುಂಡೆಗಳನ್ನು ಇಟ್ಟಳು. "ಬತ್ತಲೆ ನಿಂತದ ಪಾಪ," ಎಂದು ಬಿಳಿ ಖಾದಿಯಲ್ಲಿ ನನಗೊಂದು ಗವಸಣಿಗೆ ಹೊಲಿದಳು. ಅದರ ಮೇಲೆ ಒಂದು ಮಳೆಗಾಲ ಪೂರ್ತಿ ಕೆಂಪು ದಾರದಲ್ಲಿ ಏನೋ ಹಾಕಿದಳು. ಏನು ಎಂದು ನನಗೆ ಕಾಣಲಿಲ್ಲ. ನಿಮ್ಮ ಅಂಗಿಯ ಬೆನ್ನು ನಿಮಗೆ ಕಾಣುತ್ತದೆಯೇ?

ಒಂಬತ್ತು ವರ್ಷ ಅಲ್ಲಿ ಕಪಾಟಿನ ಮೇಲೆ ಮಲಗಿದ್ದೆ. ಗವಸಣಿಗೆಯೊಳಗೆ ಹಾಲಿನಂಥ ಬೆಳಕು. ದೂರದಲ್ಲಿ ರೈಲು ಕೂಗಿದರೆ ನಿದ್ದೆಯಲ್ಲೇ ಗುಂಯ್ ಎನ್ನುತ್ತಿದ್ದೆ. ಕನಸಿನಲ್ಲಿ ದಾರದುಂಡೆಗಳೆಲ್ಲ ಪ್ರಯಾಣಿಕರು, ನಾನೇ ಬೋಗಿ.

ಪಲ್ಲ್ಯಾಗೆ ನೌಕರಿಯಾಗಿ ಹುಬ್ಬಳ್ಳಿಯಲ್ಲೇ ಮನೆ ಮಾಡಿದ ಮೇಲೆ ನನ್ನನ್ನು ಕರೆದೊಯ್ದ. ನೋಟ್‌ಬುಕ್ಕಿನ ನೆನಪು ಅವನಿಗೆ ಬರುವಷ್ಟರಲ್ಲಿ ಅದು ಎಲ್ಲೂ ಇರಲಿಲ್ಲ. ರಾಗದ ಮೊದಲ ನಾಲ್ಕು ಸ್ವರ ಬೆರಳಲ್ಲಿ ಉಳಿದಿದ್ದವು, ಮುಂದಿನದು ಹೋಗಿತ್ತು. ನನಗೆ ಪೂರ್ತಿ ಗೊತ್ತು. ಆದರೆ ಮೀಟದೆ ನಾನು ಹೇಗೆ ಹೇಳಲಿ?

ವರ್ಷಗಳು ಉರುಳಿದವು. ಪಲ್ಲ್ಯಾ ಪ್ರಹ್ಲಾದರಾವ್ ಆಗಿ, ನಿವೃತ್ತನಾಗಿ, ಹಾಲಿನವನನ್ನೂ ಬಾಗಿಲಲ್ಲಿ ನಿಲ್ಲಿಸಿಕೊಂಡು ಹಳೆಯ ರಾಕ್ ಬಗ್ಗೆ ಮಾತಾಡುವವನಾದ. "ಆಗಿನ ಗಿಟಾರು ಅಳತಿತ್ತಪಾ, ಈಗಿನದು ಬರೇ ಚೀರತದ," ಎನ್ನುವನು. "ಹಂಗೇನ್ರೀ ಸಾಹೇಬ್ರ, ಪಾತೇಲಿ ತರ್ರಿ," ಎನ್ನುವನು ಹಾಲಿನವ. ಪಲ್ಲ್ಯಾನ ಮಗಳು ನನಗೆ ಜಿಪ್ಪಿನ ಕರಿ ಚೀಲ ತಂದಳು. ಗವಸಣಿಗೆ ಸ್ಕೂಟರ್ ಒರೆಸುವ ಅರಿವೆಯಾಯಿತು.

ಒಂದು ದಿನ ಫೋನು ಬಂತು. ಹಳೆಯ ರೈಲ್ವೆ ಕಾಲೊನಿಯವರು ಯಾರೋ ನಂಬರು ಕೊಟ್ಟಿದ್ದರಂತೆ.

"ಲೇ ಪಲ್ಲ್ಯಾ! ಡೆರಿಕ್ ಮಾತಾಡಾಕತ್ತೇನಿ. ಬರೂ ರವಿವಾರ ಹುಬ್ಬಳ್ಳಿಗೆ ಬರ್ತೇನಿ, ಒಂದ ದಿನ. ನಮ್ಮ ರಾಗ ಅದ ಏನೋ? ನಾ ಪೂರಾ ಮರತೇನಿ. ತಲೀ ಆಪರೇಷನ್ ಆದಮ್ಯಾಗ ಹಳೇದು ಬಾಳ ಹೋಗೇತಿ."

"ಇದ್ದಽ ಅದ. ದಿನಾ ನುಡಸ್ತೀನಿ," ಎಂದುಬಿಟ್ಟ ಪಲ್ಲ್ಯಾ.

ಫೋನು ಇಟ್ಟವನೇ ಮತ್ತೆ ನೋಟ್‌ಬುಕ್ಕಿಗಾಗಿ ಅಟ್ಟದ ಸಾಮಾನು ಇಳಿಸಿದ, ಟ್ರಂಕು ಬಗೆದ. ನನ್ನನ್ನು ಹಿಡಿದು ನಾಲ್ಕು ಸ್ವರ ಮೀಟುವನು, ಐದನೆಯದಕ್ಕೆ ಗೋಡೆಗೆ ಹಾಯ್ದವನಂತೆ ನಿಲ್ಲುವನು. ಬಾ, ಎರಡನೆಯ ತಂತಿಗೆ ಬಾ ಎಂದು ನಾನು ಮೈಯೆಲ್ಲ ಬಿಗಿ ಹಿಡಿಯುತ್ತಿದ್ದೆ. ಆ ಬಿಗಿಗೆ ತಂತಿ ಶ್ರುತಿ ತಪ್ಪಿತೇ ಹೊರತು ಮತ್ತೇನೂ ಆಗಲಿಲ್ಲ.

ಶುಕ್ರವಾರ ಗೋದಕ್ಕ ಬಂದಳು. ಎಪ್ಪತ್ತೆಂಟು ವರ್ಷ. ಪಲ್ಲ್ಯಾ ಹಾಳೆಯ ಮೇಲೆ ಆರು ಗೆರೆ ಎಳೆದು, ನಾಲ್ಕು ಅಂಕಿ ಬರೆದು, ತಲೆ ಹಿಡಿದು ಕೂತಿದ್ದ.

"ಏನೋ ಪಲ್ಲ್ಯಾ, ಈ ವಯಸ್ಸಿನ್ಯಾಗ ಕಸೂತಿ ಕಲೀಲಿಕ್ಕತ್ತೀ?"

"ಕಸೂತಿ ಎಲ್ಲೀದವಾ, ಇದು ಗಿಟಾರಿಂದು."

"ನನಗ ಹೇಳಬ್ಯಾಡ. ಆರು ಎಳಿ, ಅದರ ಮ್ಯಾಲೆ ಎಣಿಕಿ. ನಿನ್ನ ವಾದ್ಯದ ಜೋಡಿ ಒಂದು ಬುಕ್ಕ ಬಂದಿತ್ತಲ್ಲ, ಎಂಥಾ ಛಂದ ನಮೂನಿ! ಕೊನೀದು ಪೂರಾ ಎಣಿಸಿ ಗವಸಣಿಗಿಗೆ ಹಾಕೀನಲ್ಲೋ. ಆಮ್ಯಾಲೆ ಬುಕ್ಕ ರದ್ದಿಗೆ ಹೋತು."

ಪಲ್ಲ್ಯಾ ಎದ್ದು ಓಡಿದ. ಸ್ಕೂಟರಿನ ಸೀಟಿನಡಿಯಿಂದ ಗವಸಣಿಗೆ ಹೊರಬಂತು, ಕಾಡಿಗೆಯಂತೆ ಕಪ್ಪಾಗಿ. ನಾಲ್ಕು ಸಲ ಸೋಪು ಹಾಕಿ ಒಗೆದರು. ಕೆಂಪು ದಾರ ಮೆಲ್ಲಗೆ ಮೇಲೆದ್ದಿತು. ಆರು ಸಾಲು. ಅಂಕಿ ಎರಡಿದ್ದಲ್ಲಿ ಎರಡು ಹೊಲಿಗೆ, ಐದಿದ್ದಲ್ಲಿ ಐದು, ಸೊನ್ನೆಗೆ ಒಂದು ಚುಕ್ಕಿ. ಅಷ್ಟು ವರ್ಷ ನನ್ನ ರಾಗವನ್ನು ನಾನೇ ಮೈಮೇಲೆ ಹೊದ್ದುಕೊಂಡಿದ್ದೆ, ನೋಡಿ!

"ನಡುವ ಈ ಖಾಲಿ ಜಾಗಾ?" ಪಲ್ಲ್ಯಾ ಬೆರಳಿಟ್ಟು ತೋರಿಸಿದ.

"ಬುಕ್ಕಿನ್ಯಾಗ ಎಷ್ಟು ಇತ್ತೋ ಅಷ್ಟಽ ಎಳಿ ಎಣಿಸಿ ಬಿಟ್ಟೀನಿ. ಖಾಲೀನೂ ಎಣಿಸ್ಬೇಕೋ ಹುಚ್ಚಾ, ಇಲ್ಲಂದ್ರ ನಮೂನಿ ಕೆಡತದ."

ಯಾವ ಸ್ವರ ಎಷ್ಟು ಹೊತ್ತು ಎಂಬುದೂ ಸಿಕ್ಕಿತು. ಒಂದು ಕಡೆ ಮಾತ್ರ ಸ್ಕೂಟರಿನ ಬಿಸಿ ಕೊಳವೆ ತಗುಲಿ ಬಟ್ಟೆ ಸುಟ್ಟು ತೂತಾಗಿತ್ತು. ಅಲ್ಲಿ ಮೂರು ಸ್ವರ ಇಲ್ಲ.

ರವಿವಾರ ಡೆರಿಕ್ ಬಂದ. ಬೆನ್ನು ಬಾಗಿತ್ತು, ಕೂದಲು ಹೋಗಿತ್ತು. ಕೂತ, ಕಣ್ಣು ಮುಚ್ಚಿದ. ಪಲ್ಲ್ಯಾ ನುಡಿಸಿದ. ಗೂಡ್ಸ್ ಗಾಡಿ ಒಳಗೆ ಬಂತು, ಪಡಸಾಲೆ ಬಂತು, ದೂಧಸಾಗರ ಬಂತು. ತೂತಿನ ಹತ್ತಿರ ಮೂರು ಸ್ವರದಷ್ಟು ಸುಮ್ಮನಿದ್ದು ಮುಂದೆ ಹೋದ. ಕೊನೆಗೊಂದು ವಿಚಿತ್ರ ತಿರುವು, ಮೇಲಕ್ಕೆ ಕುಣಿದು, ಗರಿಗೆದರಿ, ನಿಂತಿತು. ಡೆರಿಕ್‌ನ ಕೆನ್ನೆ ಒದ್ದೆಯಾಗಿತ್ತು.

"ಎಲ್ಲಾ ನೆನಪಾತಲೇ. ಆದ್ರ ಕಡೀದು ನಾ ಬರದಿಲ್ಲ. ಎಲ್ಲಾಕಿಂತ ಅದಽ ಛಲೋ ಐತಿ. ಯಾರ ಮಾಡಿದ್ರ ಅದನ್ನ?"

ಒಳಬಾಗಿಲಿನಿಂದ ಗೋದಕ್ಕ ಹೇಳಿದಳು: "ಅಯ್ಯ, ಅದು ರಾಗ ಅಲ್ಲಪಾ, ನವಿಲು. ನಾಕು ಬೆರಳು ಬಟ್ಟಿ ಉಳದಿತ್ತು, ಹಾಕಿದೆ."

ಪಲ್ಲ್ಯಾ ತಲೆ ತಗ್ಗಿಸಿದ. "ಬುಕ್ಕ ಕಳದಿದ್ದೆ ಡೆರಿಕ್. ದಿನಾ ನುಡಸ್ತೀನಿ ಅಂದದ್ದೂ ಸುಳ್ಳು."

"ಖೋಡಿ, ನನಗ ಒಂದ ಸ್ವರ ನೆನಪಿದ್ದಿಲ್ಲ. ಏನರೆ ಬಾರಿಸಿದ್ರೂ ನಂಬತಿದ್ದೆ!" ಎಂದು ಡೆರಿಕ್ ನಕ್ಕ. ನಗುತ್ತಲೇ ನನ್ನನ್ನು ತೊಡೆಗೆ ಎಳೆದುಕೊಂಡ. ಮೈ ಕುಗ್ಗಿದ್ದರೂ ಎಡಗೈ ಮಾತ್ರ ನನ್ನ ಕತ್ತಿನಷ್ಟೇ ಉದ್ದವಿತ್ತು. ಮೌನೇಶಪ್ಪನ ಅಳತೆ ತಪ್ಪಿರಲಿಲ್ಲ. ಬೆರಳು ತಾನಾಗಿ ಹರಿದು, ತೂತಿನಲ್ಲಿ ಕಳೆದ ಮೂರು ಸ್ವರಗಳನ್ನು ಮೀಟಿತು. ಗೋದಕ್ಕ ಒಳಗಿನಿಂದ ಒರೆಸುವ ಬಟ್ಟೆ ತಂದಳು. ನೆಲ ಒದ್ದೆಯಾಗಿತ್ತು.

ಈಗ ನಾನು ಕಿಟಕಿಯ ಪಕ್ಕದ ಮೂಲೆಯಲ್ಲಿದ್ದೇನೆ, ಮತ್ತೆ ಅದೇ ಗವಸಣಿಗೆಯಲ್ಲಿ. ಮರವಾಗಿ, ಕಿಟಕಿಯಾಗಿ, ವಾದ್ಯವಾಗಿ ನನಗೆ ತಿಳಿದದ್ದು ಇಷ್ಟೇ: ನಮ್ಮದು ಅನ್ನುವುದನ್ನು ಎಷ್ಟೋ ಸಲ ಬೇರೆ ಯಾರೋ ತಿಳಿಯದೆಯೇ ಕಾದಿಟ್ಟಿರುತ್ತಾರೆ.

ಆದರೆ ಆ ತೂತು ಹಾಗೇ ಇದೆ. ಡೆರಿಕ್ ಮೂರು ಸ್ವರವನ್ನು ಹಾಳೆಯ ಮೇಲೆ ಬರೆದುಕೊಟ್ಟಿದ್ದಾನೆ. ತೇಪೆ ಹಾಕಿ ಹೊಲಿಯಲು ಗೋದಕ್ಕ ತಯಾರಿದ್ದಾಳೆ, ಕೆಂಪು ದಾರವೂ ನನ್ನ ಹೊಟ್ಟೆಯಲ್ಲೇ ಇದೆ. ಆಕೆಗೆ ಸೂಜಿಯ ಕಣ್ಣು ಮಾತ್ರ ಕಾಣುವುದಿಲ್ಲ, ಯಾರನ್ನೂ ಕೇಳುವುದೂ ಇಲ್ಲ. ಪಲ್ಲ್ಯಾನ ಕೈ ನಡುಗುತ್ತದೆ. ನೀವು ಇಷ್ಟು ಹೊತ್ತು ಪುಕ್ಕಟೆ ಕಥೆ ಕೇಳಿದಿರಲ್ಲ, ಕಣ್ಣು ಚೆನ್ನಾಗಿವೆ ತಾನೇ? ಹಾಗಾದರೆ ಎದ್ದು ಹೋಗುವ ಮೊದಲು ಇತ್ತ ಬನ್ನಿ. ಆ ಸೂಜಿಗೆ ಸ್ವಲ್ಪ ದಾರ ಪೋಣಿಸಿ ಕೊಡಿ.