ಕುಣಿಯ ಮೇಲಿನ ಆರಿಂಚು

ಬೆಳಗ್ಗೆ ಆರೂವರೆಗೆಲ್ಲ ಶಂಭುಲಿಂಗಪ್ಪ ತನ್ನ ಮನೆ ಮುಂದಿನ ಸಿಮೆಂಟ್ ರಸ್ತೆಯ ನಟ್ಟನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತುಬಿಟ್ಟ. ತೊಡೆಯ ಮೇಲೆ ಪೊಲೀಸರಿಗೆ ಕೊಟ್ಟ ಅರ್ಜಿಯ ನಕಲು, ಜೇಬಿನಲ್ಲಿ ಸ್ಟೀಲ್ ಸ್ಕೇಲು. ಹಿಂದಿನ ಸಂಜೆ ಮೊಹರಂ ಚಂದ್ರ ಕಂಡಿತ್ತು. ಚಂದ್ರ ಕಂಡ ಮರುದಿನ ಅಲಾಯಿ ಕುಣಿಗೆ ಗುದ್ದಲಿ ಬೀಳಬೇಕು. ಆ ಕುಣಿ ಇರುವುದು ಅವನ ಕುರ್ಚಿಯ ಕೆಳಗೆ.

ಕುಣಿ ಅಂದರೆ ಭಾರಿ ಏನಲ್ಲ. ಒಂದಾಳುದ್ದ ಅಗಲ, ಮೊಣಕಾಲುದ್ದ ಆಳ. ಬಡಾವಣೆಗೆ ಅಂಟಿಕೊಂಡಿರುವ ಹಳೇ ಕೇರಿಯ ಜನ ವರ್ಷಕ್ಕೊಮ್ಮೆ ಅದನ್ನು ತೋಡಿ, ಹತ್ತು ದಿನ ಬೆಂಕಿ ಹಾಕಿ, ಸುತ್ತಲೂ ಹಲಗೆ ಬಡಿದು ಕುಣಿದು, ಪೀರಲ ದೇವರು ಹೊಳೆಗೆ ಹೋಗಿ ಬಂದ ಮೇಲೆ ಮಣ್ಣೆಳೆದು ಮುಚ್ಚುತ್ತಾರೆ. ಕೇರಿಯಲ್ಲಿ ಒಂದೂ ಮುಸಲ್ಮಾನರ ಮನೆಯಿಲ್ಲ. ಸಕ್ಕರೆ ಇಟ್ಟು ಕುರಾನಿನ ಸಾಲು ಓದುವ ಓದಿಕೆಗೆ ಮುಜಾವರರು ಕಂಪ್ಲಿಯಿಂದ ಬಸ್ಸು ಹತ್ತಿ ಬರಬೇಕು. ರಸ್ತೆ ಮಣ್ಣಿನದಾಗಿದ್ದ ಕಾಲದಲ್ಲಿ ಶಂಭುಲಿಂಗಪ್ಪನಿಗೂ ಈ ಕುಣಿಯ ಮೇಲೆ ಹಗೆ ಇರಲಿಲ್ಲ. ಹೆಂಡತಿ ಗಂಗಾಂಬಿಕಾ ಪ್ರತಿ ವರ್ಷ ಸಕ್ಕರೆ ಓದಿಸಿಕೊಂಡು ಬಂದಾಗ ಅವನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣಿಗೊತ್ತಿಕೊಂಡವನೇ.

ಈಗ ಮಾತು ಬೇರೆ. ಈಗ ಮೇಲೆ ರಸ್ತೆಯಿದೆ.

ಆ ರಸ್ತೆಗಾಗಿ ಅವನು ಏಳು ವರ್ಷ ಚಪ್ಪಲಿ ಸವೆಸಿದ್ದ. ಸಂಡೂರು ಕಡೆಯ ಅದಿರು ಲಾರಿಗಳು ದೊಡ್ಡ ರಸ್ತೆ ತಪ್ಪಿಸಿ ಈ ಓಣಿಗೆ ನುಗ್ಗಿ, ಬೇಸಿಗೆಯಲ್ಲಿ ಮನೆಯೊಳಗಿನ ಅನ್ನಕ್ಕೂ ಕೆಂಪು ಧೂಳು ಬಡಿಸುತ್ತಿದ್ದವು. ಮಳೆ ಬಿದ್ದರೆ ಕೆಸರು. ಒಮ್ಮೆ ಗಂಗಾಂಬಿಕಾ ಆ ಕೆಸರಲ್ಲೇ ಜಾರಿ ಬಿದ್ದು ಎರಡು ತಿಂಗಳು ಕೈಗೆ ಪಟ್ಟಿ ಕಟ್ಟಿಕೊಂಡಿದ್ದಳು. ಮಿಕ್ಕ ಮನೆಯವರು ಗೇಟಿನಲ್ಲಿ ನಿಂತು ಬೈದರು, ಒಳಗೆ ಹೋದರು. ಅರ್ಜಿ ಹಿಡಿದು ಅಲೆದವನು ಇವನೊಬ್ಬನೇ. ಕೊನೆಗೂ ರಸ್ತೆ ಮಂಜೂರಾದಾಗ, ಕೆಲಸದ ಮೇಲೆ ಕಣ್ಣಿಡುವ ಹಕ್ಕು ತನ್ನದೇ ಅಂತ ಅವನಿಗೆ ಅನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ.

ಅಳತೆಯ ವಿಷಯದಲ್ಲಿ ಅವನಿಗೆ ಪಾಠ ಹೇಳುವವರೂ ಇರಲಿಲ್ಲ. ಟಿ.ಬಿ. ಡ್ಯಾಂನಲ್ಲಿ ಮೂವತ್ತೊಂದು ವರ್ಷ ಕಾಲುವೆಯ ಗೇಜು ನೋಡಿ ನಿವೃತ್ತನಾದವನು. ಕಾಲುವೆಯ ಅಂಚಿನಲ್ಲಿ ನೆಟ್ಟ ಅಳತೆಗಂಬ ನೋಡಿ ನೀರು ಎಷ್ಟು ಅಡಿ, ಎಷ್ಟು ಇಂಚು ಅಂತ ಹೇಳುವುದು ಅವನ ಕೆಲಸ. ಅಂಚಿನಲ್ಲಿ ನಿಂತು ನೋಡಿದರೆ ಸಾಕು, ನಡುಗಾಲುವೆಯ ಆಳ ತಾನಾಗಿ ತಿಳಿಯುತ್ತಿತ್ತು. ಮನುಷ್ಯರು ಸುಳ್ಳಾಡುತ್ತಾರೆ, ಸ್ಕೇಲು ಸುಳ್ಳಾಡುವುದಿಲ್ಲ ಅಂತ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಕಾಂಕ್ರೀಟ್ ಹಾಕಿದ ದಿನ ಗುತ್ತಿಗೆದಾರ ಅವನಿಗೆ ಬೇವಿನ ಮರದ ನೆರಳಲ್ಲಿ ಕುರ್ಚಿ ಹಾಕಿಸಿ, "ಇಂಜಿನಿಯರ್ ಸಾಹೇಬ್ರ, ನೀವಾ ಅಳತಿ ನೋಡ್ರಿ" ಅಂದಿದ್ದ. ಇವನು ಉಬ್ಬಿಹೋಗಿ ಹತ್ತತ್ತು ಹೆಜ್ಜೆಗೆ, ಕಾಂಕ್ರೀಟ್ ತಡೆಯಲು ಅಂಚಿಗೆ ನಿಲ್ಲಿಸಿದ್ದ ಮರದ ಹಲಗೆಗೆ ಸ್ಕೇಲು ಹಿಡಿದ. ಎಲ್ಲ ಕಡೆಯೂ ಆರಿಂಚು. ಆಮೇಲೆ ಇಪ್ಪತ್ತೊಂದು ದಿನ ಹಸಿ ಗೋಣಿಚೀಲ ಹಾಸಿ, ಬೆಳಗ್ಗೆ ಸಂಜೆ ತಾನೇ ಪೈಪು ಹಿಡಿದು ನೀರುಣಿಸಿದ. ಎಮ್ಮೆ ಹಾಯ್ದರೆ ಎಮ್ಮೆಗೆ ಬೈದ, ಸ್ಕೂಟರ್ ಹಾಯ್ದರೆ ಅದರವನ ವಂಶವನ್ನೇ ಬೈದ. ಆ ರಸ್ತೆಯನ್ನು ಇವತ್ತು ಈ ಜನ ಬಂದು ಅಗೆಯುತ್ತಾರಂತೆ!

ಎಂಟು ಗಂಟೆಗೆ ಕೇರಿಯ ಕಡೆಯಿಂದ ಹಲಗೆಯ ಸದ್ದು ಬಂತು. ಸುಮಾರು ಐವತ್ತು ಜನ. ಮುಂದೆ ಮುಜಾವರರು, ಅವರ ಪಕ್ಕದಲ್ಲಿ ಗುದ್ದಲಿ ಹೊತ್ತ ಪಕೀರಮ್ಮ. ಗುದ್ದಲಿಯ ಕಾವಿಗೆ ಹಸಿರು ಬಟ್ಟೆ ಸುತ್ತಿತ್ತು. ಅವಳ ತವರು ಮೆಟ್ರಿ. ಅಲ್ಲಿಯ ಪೀರಲ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ್ದಕ್ಕೇ ಅವಳಿಗೆ ಆ ಹೆಸರು. ಈ ಕೇರಿಯಲ್ಲಿ ಮೊದಲ ಗುದ್ದಲಿ ಅವಳ ಗಂಡ ಹನುಮಣ್ಣನ ಮನೆತನದ್ದು. ಹನುಮಣ್ಣ ತೀರಿಕೊಂಡ ಮೇಲೆ ಅದು ಅವಳ ಹೆಗಲಿಗೆ ಬಂದಿತ್ತು. ಅವಳ ಹಿಂದೆಯೇ ಮೈದುನನ ಮಗ ಯಲ್ಲೇಶ, ಗಾರೆ ಕೆಲಸದವನು, ಕೈಯಲ್ಲಿ ಕಬ್ಬಿಣದ ಹಾರೆ ಹಿಡಿದಿದ್ದ.

ಹಾರೆ ಕಂಡದ್ದೇ ಶಂಭುಲಿಂಗಪ್ಪನ ಮೈಯೆಲ್ಲ ಉರಿಯಿತು.

"ಏಳ್ರಿ ಸರ್, ಹೊತ್ತಾಗತೈತಿ," ಅಂದಳು ಪಕೀರಮ್ಮ.

"ಆಗ್ಲಿ. ನಿಮ್ಮ ಕೇರ್ಯಾಗ ಜಾಗ ಇಲ್ಲೇನು? ಅಲ್ಲೇ ಎಲ್ಲಿ ಬೇಕಾದಲ್ಲಿ ಅಗಕೊಳ್ರಿ. ಯಾರು ಬ್ಯಾಡ ಅಂದಾರ?"

"ದೇವ್ರ ಕುಣಿ ರೀ ಇದು. ಕೋಳಿಗೂಡಲ್ಲ, ಇಲ್ಲಿಂದ ಎತ್ತಿ ಅಲ್ಲಿ ಇಡಾಕ."

"ಅಷ್ಟು ಕಾಳಜಿ ಇದ್ದಾಕಿ ರೋಡು ಹಾಕೋವತ್ತಿಗೆ ಎಲ್ಲಿ ಹೋಗಿದ್ದಿ?"

ಈ ಮಾತು ಬಾಯಿಂದ ಬಿದ್ದ ಮೇಲೆ, ಬೀಳಬಾರದಿತ್ತು ಅಂತ ಅವನಿಗೇ ಅನ್ನಿಸಿತು. ಪಕೀರಮ್ಮ ಅವನನ್ನೇ ದಿಟ್ಟಿಸಿ ನೋಡಿದಳು.

"ಎಮ್ಮಿಗನೂರಿಗೆ ನಾಟಿ ಹಚ್ಚಾಕ ಹೋಗಿದ್ದೆ. ನಿಮ್ಮ ಮಾತು ನಂಬಿ ಹೋಗಿದ್ದೆ."

ಮಾತು ಕೊಟ್ಟದ್ದು ನಿಜ. ಜನವರಿಯಲ್ಲಿ ರಸ್ತೆಯ ಅಳತೆಗೆ ಬಂದವರನ್ನು ಅವಳು ಕುಣಿಯ ಮೇಲೆ ಕಾಲೂರಿ ನಿಂತು ತಡೆದಿದ್ದಳು. ಆಗ ಶಂಭುಲಿಂಗಪ್ಪ ಮೊದಲ ಸಲ ಅವಳ ಮನೆಗೆ ಹೋಗಿ, ಕಟ್ಟೆಯ ಮೇಲೆ ಕುಳಿತು, ಅವಳು ಕೊಟ್ಟ ಚಹಾ ಕುಡಿದು, "ಕುಣಿಗೆ ಏನೂ ಆಗಂಗಿಲ್ಲ. ಸುತ್ತ ಕಲ್ಲು ಕೂಡಿಸಿ ನಡುವ ಮಣ್ಣು ಹಂಗಾ ಬಿಡಿಸ್ತೀನಿ. ನನ್ನ ಮಾತು ಅಂದ್ರ ಮಾತು" ಅಂದಿದ್ದ. ಅವಳು ದಾರಿ ಬಿಟ್ಟಳು. ಬಿಟ್ಟಿದ್ದಷ್ಟೇ ಅಲ್ಲ. ಎರಡು ದಿನ ಬಿಟ್ಟು ರಸ್ತೆಯ ಗುದ್ದಲಿ ಪೂಜೆಗೆ ದೊಡ್ಡವರೆಲ್ಲ ಬಂದು ಹಾರ ಹಾಕಿಕೊಂಡು ನಿಂತಾಗ, ಅವರು ತಂದಿದ್ದ ಹೊಸ ಗುದ್ದಲಿಯ ಕಾವು ಮೊದಲ ಏಟಿಗೇ ಕಳಚಿ ಬಿತ್ತು. ಇವನೇ ಕೇರಿಗೆ ಓಡಿ ಪಕೀರಮ್ಮನ ಗುದ್ದಲಿ ಕೇಳಿದ. ಗುದ್ದಲಿ ಪೂಜೆ ಅಂದರೆ ಅವಳಿಗೆ ತಿಳಿದಿದ್ದದ್ದು ಅಲಾಯಿ ಕುಣಿಯದು ಒಂದೇ. ತನ್ನ ದೇವರ ಕುಣಿಗೆ ದೊಡ್ಡವರು ಪೂಜೆ ಮಾಡುತ್ತಿದ್ದಾರೆ ಅಂದುಕೊಂಡು, ಗುದ್ದಲಿ ತೊಳೆದು, ಅರಿಶಿನ ಕುಂಕುಮ ಹಚ್ಚಿ ಕೊಟ್ಟಳು. ಉಳಿದ ರಸ್ತೆಯೆಲ್ಲ ಕಲ್ಲುಚೂರು ಕಲೆತ ಗಟ್ಟಿ ಗರಸು ಮಣ್ಣು. ಗುದ್ದಲಿ ಇಳಿಯುವಷ್ಟು ಮೆತ್ತಗಿದ್ದದ್ದು ಕುಣಿಯ ಮಣ್ಣು ಮಾತ್ರ. ಹಾಗಾಗಿ ಫೋಟೋ ತೆಗೆದದ್ದೂ ಅಲ್ಲೇ.

ಕಾಂಕ್ರೀಟ್ ಹಾಕಿದ ದಿನ ಮೇಸ್ತ್ರಿ ಕುಣಿಯ ಹತ್ತಿರ ಬಂದು ಕೈ ನಿಲ್ಲಿಸಿ, "ಇಲ್ಲಿ ಬಿಡಬೇಕಂತಲ್ರಿ?" ಅಂತ ಕೇಳಿದ್ದ. ನೇರವಾಗಿ, ನುಣ್ಣಗೆ ಬರುತ್ತಿದ್ದ ರಸ್ತೆಯ ನಡುವೆ ಒಂದು ಮಣ್ಣಿನ ತೂತು ಬಿಡಲು ಶಂಭುಲಿಂಗಪ್ಪನಿಗೆ ಮನಸ್ಸು ಬರಲಿಲ್ಲ. ಕೈಯೆತ್ತಿ, "ಹಾಕ್ರಿ, ಹಾಕ್ರಿ" ಅಂದ. ಸಂಜೆ ಟೆಂಪೊ ಇಳಿದು ಬಂದ ಪಕೀರಮ್ಮ ಹಸಿ ಸಿಮೆಂಟಿನ ಅಂಚಿನಲ್ಲಿ ನಿಂತು ಕೇಳಿದಾಗ, ತಾನು ಸ್ನಾನಕ್ಕೆ ಹೋದಾಗ ಆಳುಗಳು ಗೊತ್ತಿಲ್ಲದೆ ಹಾಕಿಬಿಟ್ಟರು ಅಂತ ಹೇಳಿದ. ಅವಳು ನಂಬಿದಳೋ ಇಲ್ಲವೋ, ಕೇರಿಯ ಕಡೆ ನಡೆದಳು.

ಈಗ ಹೆಡ್ ಕಾನ್‌ಸ್ಟೇಬಲ್ ಮಲ್ಲೇಶ್ ಬೈಕು ನಿಲ್ಲಿಸಿ ಎರಡೂ ಕಡೆಯವರ ನಡುವೆ ಬಂದ. ಪಕ್ಕದ ಮನೆಯ ವೀರೇಶ್, ಅಕ್ಕಿ ಗಿರಣಿಯವನು, ಬಡಾವಣೆಯ ನಾಲ್ಕು ಜನರನ್ನು ಕಟ್ಟಿಕೊಂಡು ಶಂಭುಲಿಂಗಪ್ಪನ ಹಿಂದೆ ನಿಂತಿದ್ದ.

"ಪಬ್ಲಿಕ್ ಆಸ್ತಿ ಒಡಿಯಾಕ ಇವರಿಗೆ ಯಾರು ಅಧಿಕಾರ ಕೊಟ್ಟಾರ ಕೇಳ್ರಿ," ಅಂದ ವೀರೇಶ್.

"ಮುಚ್ಚಾಕ ಇವರಿಗೆ ಯಾರು ಕೊಟ್ಟಿದ್ರು, ಅದನ್ನೂ ಕೇಳ್ರಿ," ಅಂದ ಯಲ್ಲೇಶ.

"ಲೇ, ನಾಲಿಗಿ ಬಿಗಿ ಹಿಡಿ!"

"ಏ, ಸುಮ್ನಿರ್ರಿ ಇಬ್ರೂ," ಮಲ್ಲೇಶ್ ಗದರಿಸಿದ. "ಹಿಂಗ ಮಾಡ್ರಿ. ಅವರು ಕುಣಿ ತೋಡ್ಲಿ. ದೇವ್ರು ಹೊಳಿಗೆ ಹೋಗಿ ಬಂದ ಮ್ಯಾಲ ಅವರಾ ಸಿಮೆಂಟ್ ಹಾಕಿ ಮುಚ್ಚಲಿ. ಮುಗೀತು."

"ಮುಚ್ಚತೀವ್ರಿ," ಅಂದಳು ಪಕೀರಮ್ಮ. "ನಮ್ಮ ಹುಡುಗ ಅದೇ ಕೆಲಸದಾಂವ. ಮಸ್ತ್ ಮುಚ್ಚತಾನ."

"ತ್ಯಾಪಿ ಹಚ್ತೀರಿ ನನ್ನ ರೋಡಿಗೆ?" ಶಂಭುಲಿಂಗಪ್ಪನ ದನಿ ಒಡೆಯಿತು. "ಇಪ್ಪತ್ತೊಂದು ದಿನ ನೀರು ಹೊಡದೀನಿ ನಾನು! ನನ್ನ ಮ್ಯಾಲ ಹಾಯ್ದು ಒಡೀರಿ ಹಂಗಾರ. ಬರ್ರಿ!"

ಯಾರೂ ಮುಂದೆ ಬರಲಿಲ್ಲ. ಅರವತ್ತಾರು ವಯಸ್ಸಿನ ಮನುಷ್ಯನನ್ನು ಕುರ್ಚಿ ಸಮೇತ ಎತ್ತಿ ಪಕ್ಕಕ್ಕಿಡುವ ಧೈರ್ಯ ಕೇರಿಯವರಿಗಿರಲಿಲ್ಲ. ಹಾಗೆ ಮಾಡಿದರೆ ಕೇಸು ಯಾರ ಮೇಲೆ ಬೀಳುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದು ಶಂಭುಲಿಂಗಪ್ಪನಿಗೂ ಗೊತ್ತಿತ್ತು. ಹಲಗೆ ನಿಂತಿತು. ತಾನು ಗೆದ್ದೆ ಅಂದುಕೊಂಡು ಅವನು ಕಾಲ ಮೇಲೆ ಕಾಲು ಹಾಕಿದ.

ಆಗ ಅವನ ಮನೆಯದೇ ಗೇಟು ಕಿರ್ರೆಂದಿತು. ಗಂಗಾಂಬಿಕಾ ತಲೆ ತುಂಬ ಸೆರಗು ಹೊದ್ದು, ತಟ್ಟೆಯಲ್ಲಿ ಸಕ್ಕರೆ, ಊದುಬತ್ತಿ ಹಿಡಿದು ಬಂದಳು. ಗಂಡನ ಕುರ್ಚಿಯ ಮುಂದೆ ನಿಂತಳು.

"ಒಳಗ ನಡಿ," ಅಂದ ಅವನು ಹಲ್ಲು ಕಡಿಯುತ್ತ.

"ಏಳ್ರಿ ನೀವು. ಆಳುಗಳು ಹಾಕಿಲ್ಲ. 'ಹಾಕ್ರಿ, ಹಾಕ್ರಿ' ಅಂತ ಕೈ ಬೀಸಿದೋರು ನೀವಾ. ಅಡಗಿಮನಿ ಕಿಟಕ್ಯಾಗಿಂದ ನಾ ಕಣ್ಣಾರೆ ನೋಡೀನಿ. ಐದು ತಿಂಗಳಾತು, ಈ ಹೆಣ್ಮಗಳ ಮುಖ ನೋಡಾಕ ನನಗಾಗವಲ್ದು."

ಐವತ್ತು ಜನರೂ ಕುರ್ಚಿಯಲ್ಲಿದ್ದವನ ಕಡೆ ತಿರುಗಿದರು. ಪಕೀರಮ್ಮ ಗುದ್ದಲಿಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದಳು. ಶಂಭುಲಿಂಗಪ್ಪ ದಡಕ್ಕನೆ ಎದ್ದ. ಪಶ್ಚಾತ್ತಾಪದಿಂದ ಎದ್ದನೆಂದು ಯಾರೂ ತಿಳಿಯಬಾರದು. ಹೆಂಡತಿಯ ಕೆನ್ನೆಗೆ ಬಾರಿಸಬೇಕು ಅನ್ನುವ ಸಿಟ್ಟಿನಲ್ಲೇ ಎದ್ದ, ಎದುರಿಗೆ ಪೊಲೀಸನಿದ್ದಾನೆಂದು ಕೈ ತಡೆದುಕೊಂಡ. ಕುರ್ಚಿ ಹಿಂದಕ್ಕೆ ಉರುಳಿತು. ಯಲ್ಲೇಶ ಅದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ಹಾರೆ ಎತ್ತಿದ.

"ಆರಿಂಚು ಐತಲೇ ಅದು!" ಶಂಭುಲಿಂಗಪ್ಪ ಕೂಗಿದ. "ನಿನ್ನ ರಟ್ಟಿ ಬಿದ್ದು ಹೋಗತಾವು, ಹಾರಿ ಮುರೀತೈತಿ! ಮಧ್ಯಾಹ್ನದ ಮಟ ಕುಟ್ಟಿದ್ರೂ..."

ಹಾರೆ ಒಂದೇ ಏಟಿಗೆ ಒಳಗಿಳಿಯಿತು.

ಸದ್ದು ಕೂಡ ದೊಡ್ಡದಾಗಲಿಲ್ಲ. ಯಲ್ಲೇಶನೇ ಮುಗ್ಗರಿಸಿ ಬೀಳುವುದರಲ್ಲಿದ್ದ. ಹಾರೆ ಮೀಟಿ ಒಂದು ಚೂರು ಎಬ್ಬಿಸಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಹತ್ತು ಜೋಳದ ರೊಟ್ಟಿ ಒಂದರ ಮೇಲೊಂದು ಇಟ್ಟಷ್ಟೇ ದಪ್ಪವಿತ್ತು. ಅದರ ಕೆಳಗೆ ಗರಸು, ಗರಸಿನ ಕೆಳಗೆ ಕುಣಿಯ ಕಪ್ಪು ಬೂದಿ.

ಶಂಭುಲಿಂಗಪ್ಪ ಜನರನ್ನು ತಳ್ಳಿಕೊಂಡು ಬಂದು ಮೊಣಕಾಲೂರಿ ಕುಳಿತ. ಜೇಬಿನಿಂದ ಸ್ಕೇಲು ತೆಗೆದು ಒಡೆದ ಜಾಗಕ್ಕೆ ಹಿಡಿದ. ಒಂದೂಮುಕ್ಕಾಲು ಇಂಚು. ಕನ್ನಡಕ ಒರೆಸಿಕೊಂಡು ಇನ್ನೊಂದು ಬದಿಗೆ ಹಿಡಿದ. ಅಲ್ಲಿ ಒಂದೂವರೆ.

ಆಗ ಅವನಿಗೆ ತಿಳಿಯಿತು. ಅಂಚಿನಲ್ಲಿ ಮಾತ್ರ ಆರಿಂಚು. ನಡುವೆ ಗರಸು ಏರಿಸಿ, ಮೇಲೆ ತೆಳ್ಳಗೆ ಬಳಿದಿದ್ದಾರೆ. ನಡುವೆ ಉಬ್ಬಿದ್ದನ್ನು ಅವನು ಕಂಡಿದ್ದ, ಮಳೆನೀರು ಹರಿದು ಹೋಗಲಿಕ್ಕೆಂದು ಹಾಗೆ ಮಾಡುತ್ತಾರೆ ಅಂದುಕೊಂಡಿದ್ದ. ಕಾಲುವೆಯ ನೀರು ಅಂಚಿನಲ್ಲಿ ಹೇಳಿದ್ದನ್ನೇ ನಡುವೆಯೂ ಹೇಳುತ್ತಿತ್ತು. ಮೂವತ್ತೊಂದು ವರ್ಷ ನೀರನ್ನು ನಂಬಿದ ಹಾಗೆ ಸಿಮೆಂಟನ್ನೂ ನಂಬಿದ. ಕೆಲಸ ತೃಪ್ತಿಕರವಾಗಿದೆ ಅಂತ ಬಡಾವಣೆಯ ಪರವಾಗಿ ಬರೆದು ಸಹಿ ಹಾಕಿ ಕೊಟ್ಟವನೂ ತಾನೇ. ಇಂಜಿನಿಯರ್ ಸಾಹೇಬ್ರ!

ಗುಂಪಿನಲ್ಲಿ ಯಾರೋ ನಕ್ಕರು. ತಿರುಗಿ ನೋಡಿದರೆ ಬೆನ್ನ ಹಿಂದೆ ವೀರೇಶನೂ ಇರಲಿಲ್ಲ, ಅವನ ನಾಲ್ಕು ಜನರೂ ಇರಲಿಲ್ಲ.

"ಅಲ್ಲೊಂದು ಒಡಿ," ಶಂಭುಲಿಂಗಪ್ಪ ಎದ್ದು ನಿಂತು ಯಲ್ಲೇಶನಿಗೆ ಹೇಳಿದ. "ಅಲ್ಲಿ, ವೀರೇಶನ ಗೇಟಿನ ಮುಂದ. ಆ ಲೈಟುಕಂಬದ ಹತ್ರಾನೂ. ಎಲ್ಲಾ ಕಡಿ ಒಡಿ, ನೋಡೇಬಿಡೂಣು! ಕಳ್ಳನ್ನ ಬಿಡಂಗಿಲ್ಲ ನಾ."

"ನಾವು ದೇವ್ರ ಕುಣಿ ತೋಡಾಕ ಬಂದೀವಿ. ನಿಮ್ಮ ಕಾಂಟ್ರ್ಯಾಕ್ಟರನ ಕುಣಿ ನೀವಾ ತೋಡ್ಕೊಳ್ರಿ," ಅಂದ ಯಲ್ಲೇಶ. ಹಾರೆಯನ್ನು ಮುಟ್ಟಲೂ ಬಿಡದೆ ಹಿಂದಕ್ಕೆ ಸರಿಸಿಕೊಂಡ.

ಮಲ್ಲೇಶ್ ಬೈಕಿನ ಮೇಲೆ ಕೂತು ಫೋನು ನೋಡುತ್ತಿದ್ದ. ಮುಜಾವರರು ಊದುಬತ್ತಿ ಹಚ್ಚಿದರು. ಗಂಗಾಂಬಿಕಾ ತಟ್ಟೆ ಹಿಡಿದು ಕೇರಿಯ ಹೆಂಗಸರ ಸಾಲಿನಲ್ಲಿ ಹೋಗಿ ನಿಂತಿದ್ದಳು, ಗಂಡನ ಕಡೆ ನೋಡಲೂ ಇಲ್ಲ. ಶಂಭುಲಿಂಗಪ್ಪ ಸುತ್ತ ನೋಡಿದ. ಏಳು ವರ್ಷ ಅಲೆದು ಹಾಕಿಸಿದ ರಸ್ತೆ, ಒಳಗೆ ಏನಿದೆ ಅಂತ ಈಗಲೇ, ಈ ಗಳಿಗೆಯಲ್ಲೇ ನೋಡದಿದ್ದರೆ ಎದೆ ಒಡೆದು ಹೋಗುತ್ತದೆ ಅನ್ನಿಸಿತು. ಪಕೀರಮ್ಮನ ಮುಂದೆ ಹೋಗಿ ಕೈ ಚಾಚಿದ.

"ಪಕೀರಮ್ಮ, ಆ ಗುದ್ದಲಿ ಒಂದೀಟು ಕೊಡವಾ. ಒಡದ ಅಂಚಿನಿಂದ ಎಬ್ಬಿಸಿ ನೋಡ್ತೀನಿ. ಐದು ನಿಮಿಷದಾಗ ವಾಪಸ್ ಕೊಡ್ತೀನಿ. ನನ್ನ ಮಾತು ಅಂದ್ರ..."

ಅವನು ಅಲ್ಲಿಗೇ ನಿಲ್ಲಿಸಿದ. ಪಕೀರಮ್ಮ ಗುದ್ದಲಿಯನ್ನು ಹೆಗಲಿಂದ ಇಳಿಸಿ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಇಷ್ಟು ದಿನ 'ರೀ' ಹಚ್ಚದೆ ಅವನೊಡನೆ ಮಾತಾಡದವಳ ಬಾಯಲ್ಲಿ ಈಗ ಬೇರೆಯೇ ಮಾತು ಬಂತು.

"ಒಂದ್ಸಲ ಕೊಟ್ಟೀನಿ ನಿನಗ. ಸರಿ ಅತ್ಲಾಗ."

ಅವನು ಸರಿದ. ಹಲಗೆ ಮತ್ತೆ ಶುರುವಾಯಿತು, ಅವಳ ಗುದ್ದಲಿ ಕಪ್ಪು ಬೂದಿಯೊಳಗೆ ಬಿತ್ತು.